ವಾರ್ಡ್ ಮೆಂಬರ್ ಮನೆ ಎಲ್ಲಿ ಅಂತ ಗೊತ್ತುಂಟಾ?

ಈ ಸಲದ ಮಳೆಗೆ ನಮ್ಮ ಮೇಲಿನ ಓಣಿಯ ಅಜ್ಜಿ ಮನೆ ಹಿಂದೆ ಬರೆ, ಅಂದ್ರೆ ಗುಡ್ಡದ ಕಡಿದ ಪಕ್ಕ, ಸ್ವಲ್ಪ ಜರಿದಿತ್ತು. ತುಂಬ ಏನಲ್ಲ, ಒಂದೆರಡು ಪಿಕಪ್ ಮಣ್ಣು ಇರಬಹುದು, ಆದ್ರೆ 2018ರ ಭೂಕುಸಿತ ನೋಡಿದ ಮಡಿಕೇರಿಯವರಿಗೆ ಎರಡು ಪಿಕಪ್ ಮಣ್ಣು ಅಂದ್ರೆ ಎಂತ ಅಂತ ಹೊರಗಿನವರಿಗೆ ಹೇಳಿ ಅರ್ಥ ಮಾಡಿಸೋದು ಕಷ್ಟ, ರಾತ್ರಿ ಶೀಟಿನ ಮೇಲೆ ಮಳೆ ಸದ್ದು ಒಂಚೂರು ಜೋರಾದ್ರೂ ಎದ್ದು ಕೂತ್ಕೊಳ್ತೀವಿ ಈಗ್ಲೂ. ಅಜ್ಜಿ ಮಗ ಇರೋದು ಬೆಂಗಳೂರಲ್ಲಿ, ಪಾಪ ಅಲ್ಲಿಂದ್ಲೇ ಒಂದೇ ಸಮ ಫೋನ್. ಎಂಎಲ್ಎ ಆಫೀಸಿಗೆ ಮಾಡಿದ್ರಂತೆ, ಎಂಪಿ ಕಡೆಯವರದ್ದು ಯಾರದ್ದೋ ಪರಿಚಯ ಹಿಡಿದು ವಾಟ್ಸಾಪ್ ಹಾಕ್ಸಿದ್ರಂತೆ, ಫೇಸ್‌ಬುಕ್ಕಲ್ಲಿ ಬರೆ ಫೋಟೋ ಹಾಕಿ ಹತ್ತು ಜನರನ್ನ ಟ್ಯಾಗ್ ಮಾಡಿದ್ರು. ನಾನು ಛತ್ರಿ ಹಿಡ್ಕೊಂಡು ಮೇಲೆ ಹತ್ತಿ ಹೋಗಿ "ಅಜ್ಜಿ, ನಮ್ಮ ವಾರ್ಡ್ ಮೆಂಬರಿಗೆ ಹೇಳಿದ್ರಾ?" ಅಂತ ಕೇಳ್ದೆ.

"ಅದ್ಯಾರು ಮಗಾ?" ಅಂದ್ರು ಅಜ್ಜಿ.

ಮೆಂಬರ್ ಮನೆ ಇರೋದು ಅಲ್ಲಿಂದ ಎರಡು ತಿರುವು ಕೆಳಗೆ. ಅಜ್ಜಿ ದಿನಾ ಹಾಲು ತಗೊಳ್ಳೋ ಅಂಗಡಿ ಪಕ್ಕ. ನಾನೇ ಫೋನ್ ಮಾಡ್ದೆ, ಅರ್ಧ ಗಂಟೇಲಿ ಬಂದ್ರು, ಬರೆ ನೋಡಿದ್ರು, ಅಲ್ಲೇ ನಿಂತು ಇಂಜಿನಿಯರಿಗೆ ಫೋನ್ ಹಾಕಿದ್ರು, ಅಜ್ಜಿಗೆ ಹಿಂದಿನ ರೂಮಲ್ಲಿ ಮಲಗ್ಬೇಡಿ ಅಂತ ಹೇಳಿದ್ರು, ಮಾರನೇ ದಿನ ಬೆಳಿಗ್ಗೆ ಬರೆ ಮೇಲೆ ಟಾರ್ಪಾಲ್ ಬಿತ್ತು. ತಡೆಗೋಡೆಗೆ ಎಸ್ಟಿಮೇಟ್ ಮಾಡಿ ಮೀಟಿಂಗಿಗೆ ಇಡ್ಬೇಕು, ಅದು ಬೇರೆ ಕಥೆ, ಅದಕ್ಕೆ ಟೈಮ್ ಬೇಕು.

ಅವತ್ತಿಂದ ತಲೇಲಿ ಇದೇ ಓಡ್ತಾ ಉಂಟು. ಡೆಲ್ಲಿಲಿ ಯಾರ ಸರ್ಕಾರ, ಬೆಂಗಳೂರಲ್ಲಿ ಯಾರು ಮಂತ್ರಿ ಆದ್ರು, ಇದೆಲ್ಲ ನಮಗೆ ಬಾಯಿಪಾಠ, ಆದ್ರೆ ನಮ್ಮ ಮನೆ ಮುಂದಿನ ಚರಂಡಿ ಯಾರ ಕೆಳಗೆ ಬರುತ್ತೆ, ಅವರನ್ನ ಯಾರು ಆರಿಸಿದ್ದು, ಹೇಗೆ ಆರಿಸಿದ್ದು ಅಂತ ಕೇಳಿದ್ರೆ ಓದಿದವರೂ ಒಂದು ನಿಮಿಷ ಸುಮ್ನಾಗ್ತಾರೆ. ಅಜ್ಜಿನ ಮಾತ್ರ ಅಂದು ಪ್ರಯೋಜನ ಇಲ್ಲ, 2018ರ ವರೆಗೆ ನಂಗೂ ಇದು ಗೊತ್ತಿರ್ಲಿಲ್ಲ. ಆ ಆಗಸ್ಟ್ ತಿಂಗಳಲ್ಲಿ ಇಂದಿರಾ ನಗರ, ಚಾಮುಂಡೇಶ್ವರಿ ನಗರ ಕಡೆ ಗುಡ್ಡ ಜರಿದು ಮನೆಗಳು ಹೋದಾಗ ನಮ್ಮ ಓಣಿಗೂ ಖಾಲಿ ಮಾಡಿ ಅಂದ್ರು, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಆಗ ಟಾರ್ಚ್ ಹಿಡ್ಕೊಂಡು ಮನೆ ಮನೆ ಬಾಗಿಲು ಬಡಿದವರು ಆಗಿನ ನಮ್ಮ ವಾರ್ಡಿನ ಮೆಂಬರ್. ಯಾವ ಮನೇಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೇಲಿ ಬಾಣಂತಿ ಇದ್ದಾಳೆ, ಯಾರ ಮನೆ ಬಾಡಿಗೆಗೆ ಕೊಟ್ಟು ಓನರ್ ದುಬೈಲಿದ್ದಾರೆ ಅಂತ ಪೇಪರ್ ನೋಡದೆ ಹೇಳ್ತಿದ್ರು. ಆ ಲೆಕ್ಕ ಯಾವ ಆಫೀಸಿನ ಕಂಪ್ಯೂಟರಲ್ಲೂ ಇರಲ್ಲ.

ಸರಿ, ಈಗ ನನ್ನ ಮಗಳ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಈ ಪೋಸ್ಟ್ ಬರೀಲಿಕ್ಕೆ ಅವಳೇ ಕಾರಣ. ಅಜ್ಜಿ ಮನೆ ವಿಷಯ ಊಟದ ಹೊತ್ತಿಗೆ ಮಾತಾಡ್ತಾ ಇದ್ವಿ, ಅವಳು ಕೇಳಿದ್ಲು "ಅಮ್ಮಾ, ನಗರಸಭೆ ಅಧ್ಯಕ್ಷರಿಗೆ ವೋಟು ಹಾಕೋದು ಯಾವಾಗ?" ಅಂತ. ಹಾಕೋದಿಲ್ಲ ಮಗಳೇ ಅಂದೆ. ನಂಬ್ಲಿಲ್ಲ.

ನಾವು ವೋಟು ಹಾಕೋದು ನಮ್ಮ ವಾರ್ಡಿನ ಒಬ್ಬರಿಗೆ ಮಾತ್ರ. ಮಡಿಕೇರಿ ನಗರಸಭೇಲಿ 23 ವಾರ್ಡು, ಒಂದು ವಾರ್ಡಿಗೆ ಒಬ್ಬರು, ಅಲ್ಲಿಗೆ 23 ಮೆಂಬರ್ಸ್. ಜಾಸ್ತಿ ವೋಟು ಯಾರಿಗೆ ಬಿತ್ತೋ ಅವರು ಗೆದ್ದ ಹಾಗೆ, ಅರ್ಧಕ್ಕಿಂತ ಜಾಸ್ತಿ ಬರ್ಲೇಬೇಕು ಅಂತೇನಿಲ್ಲ. ಆ 23 ಜನ ತಮ್ಮೊಳಗೇ ಒಬ್ಬರನ್ನ ಅಧ್ಯಕ್ಷ, ಇನ್ನೊಬ್ಬರನ್ನ ಉಪಾಧ್ಯಕ್ಷ ಅಂತ ಆರಿಸ್ತಾರೆ, ಅದೂ ಗುಟ್ಟಾಗಿ ಅಲ್ಲ, ಎಲ್ಲರ ಎದುರು ಕೈ ಎತ್ತಿ. ಆ ದಿನ ಎಂಎಲ್ಎ, ಎಂಪಿ ಕೂಡ ಬಂದು ಕೈ ಎತ್ತಬಹುದು, ಅವರಿಗೂ ಅಲ್ಲಿ ವೋಟಿದೆ. ಹಾಗಾಗಿ ಸಣ್ಣ ಊರಲ್ಲಿ ಎರಡು ಪಕ್ಷ ಸಮ ಸಮ ಬಂದಾಗ ಎಂಎಲ್ಎ ಎಂಪಿ ವೋಟೇ ಅಧ್ಯಕ್ಷರನ್ನ ತೀರ್ಮಾನ ಮಾಡಿಬಿಡುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮ್ಮಲ್ಲಿ 2021ರಲ್ಲಿ ಆ ಪ್ರಮೇಯ ಬರ್ಲಿಲ್ಲ, 23ರಲ್ಲಿ ಬಿಜೆಪಿಗೆ 16, ಎಸ್‌ಡಿಪಿಐಗೆ 5, ಕಾಂಗ್ರೆಸ್ಸಿಗೊಂದು ಜೆಡಿಎಸ್ಸಿಗೊಂದು ಬಂದಿತ್ತು. ಇನ್ನು ಗೆದ್ದ ಮೇಲೆ ಪಕ್ಷ ಕೊಟ್ಟ ವಿಪ್, ಅಂದ್ರೆ ಹೀಗೇ ವೋಟು ಹಾಕ್ಬೇಕು ಅನ್ನೋ ಆದೇಶ, ಮೀರಿ ಕೈ ಎತ್ತಿದ್ರೆ ಸದಸ್ಯತ್ವಕ್ಕೇ ಕುತ್ತು, ಲೋಕಲ್ ಬಾಡಿಗಳಿಗೆ ಅಂತಲೇ ಕರ್ನಾಟಕದಲ್ಲಿ 1987ರದ್ದೊಂದು ಪಕ್ಷಾಂತರ ನಿಷೇಧ ಕಾಯ್ದೆ ಇದೆ.

ಅಧ್ಯಕ್ಷರ ಅವಧಿ 30 ತಿಂಗಳು, ಅಂದ್ರೆ ಎರಡೂವರೆ ವರ್ಷ, ಐದು ವರ್ಷದಲ್ಲಿ ಎರಡು ಸಲ ಅಧ್ಯಕ್ಷರ ಆಯ್ಕೆ ಆಗುತ್ತೆ. ಮೈಸೂರು ಮಂಗಳೂರಲ್ಲಿ ಮೇಯರ್ ಅಂತಾರಲ್ಲ ಅದು ಮಹಾನಗರ ಪಾಲಿಕೆಗಳಲ್ಲಿ, ಅಲ್ಲಿ ಒಂದೊಂದೇ ವರ್ಷ. ನಮ್ಮಲ್ಲಿ ಪಾಲಿಕೆ ಇಲ್ಲ, ಮೇಯರೂ ಇಲ್ಲ. ನಮ್ಮ ಅಧ್ಯಕ್ಷರಿಗೆ ಇನ್ನೊಂದು ದೊಡ್ಡ ಜವಾಬ್ದಾರಿ ಉಂಟು, ಮಡಿಕೇರಿ ದಸರಾ ಸಮಿತಿಗೂ ಅವರೇ ಅಧ್ಯಕ್ಷರು. ನಾಲ್ಕು ಕರಗ ಹೊರಡೋ ದಿನದಿಂದ ಹತ್ತು ಮಂಟಪ ರಾತ್ರಿಯಿಡೀ ಮೆರವಣಿಗೆ ಹೋಗಿ ಬೆಳಗಾಗೋ ವರೆಗೆ ಅವರ ತಲೆ ಮೇಲೆ ಅದೂ ಇರುತ್ತೆ.

ಊರಿನ ಸೈಜಿನ ಮೇಲೆ ಹೆಸರು ಬದಲಾಗುತ್ತೆ. ಪುರಸಭೆ ಕಾಯ್ದೆ ಅಂತ ನಾವು ಕರಿಯೋದು 1964ರದ್ದು, ಅದರ ಪ್ರಕಾರ ಜನಸಂಖ್ಯೆ 10 ಸಾವಿರದಿಂದ 20 ಸಾವಿರದ ವರೆಗೆ ಇದ್ರೆ ಪಟ್ಟಣ ಪಂಚಾಯಿತಿ, 50 ಸಾವಿರದ ವರೆಗೆ ಪುರಸಭೆ, ಅಲ್ಲಿಂದ 3 ಲಕ್ಷದ ವರೆಗೆ ನಗರಸಭೆ, ಅದರ ಮೇಲೆ ಪಾಲಿಕೆ, ಪಾಲಿಕೆಗೆ 1976ರ ಬೇರೆ ಕಾಯ್ದೆ. ಈ ಲೆಕ್ಕ ನೋಡಿದ್ರೆ 2011ರ ಜನಗಣತಿಲಿ ಮಡಿಕೇರಿಲಿ ಇದ್ದಿದ್ದು 33,381 ಜನ, ಪುರಸಭೆ ಆಗ್ಬೇಕಿತ್ತು, ಜಿಲ್ಲಾ ಕೇಂದ್ರ ಅನ್ನೋ ಕಾರಣಕ್ಕೆ ನಗರಸಭೆ. ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ ಮೂರೂ ಪಟ್ಟಣ ಪಂಚಾಯಿತಿ ಆಗಿದ್ವು, ಆಮೇಲೆ ಕುಶಾಲನಗರಕ್ಕೆ ಮುಳ್ಳುಸೋಗೆ, ಗುಮ್ಮನಕೊಲ್ಲಿ ಸೇರಿಸಿ ಪುರಸಭೆ ಮಾಡಿದ್ರು, ವಿರಾಜಪೇಟೆನೂ ಪುರಸಭೆ ಆಯ್ತು.

33,381ನ್ನ 23ರಿಂದ ಭಾಗಿಸಿ ನೋಡಿ, ಒಂದು ವಾರ್ಡಿಗೆ ಸರಾಸರಿ 1,450 ಜನ ಬರುತ್ತೆ, ಮಕ್ಕಳೂ ಸೇರಿ. ಮಕ್ಕಳನ್ನ ಬಿಟ್ಟು, ವೋಟು ಹಾಕಕ್ಕೆ ಬರದವರನ್ನೂ ಬಿಟ್ರೆ ಎಷ್ಟು ಉಳಿಯುತ್ತೆ? ಎಂಎಲ್ಎ ಎಲೆಕ್ಷನ್ನಿಗೆ ಮಡಿಕೇರಿ ಕ್ಷೇತ್ರದಲ್ಲಿ ವೋಟರ್ಸ್ ಎರಡು ಲಕ್ಷ ದಾಟ್ತಾರೆ, ಅಲ್ಲಿ ನನ್ನ ಒಂದು ವೋಟು ಕಾವೇರಿಗೆ ಒಂದು ಬಿಂದಿಗೆ ನೀರು ಹಾಕಿದ ಹಾಗೆ. ವಾರ್ಡಲ್ಲಿ ಹಾಗಲ್ಲ, ನಮ್ಮ ಒಂದು ಓಣಿಯವರು ಒಟ್ಟಿಗೆ ಹೋಗಿ ಹಾಕಿದ್ರೆ ಫಲಿತಾಂಶ ತಿರುಗಬಹುದು. ಕೊಡಗಿಗೆ ಇರೋದು ಇಬ್ಬರೇ ಎಂಎಲ್ಎ, ಮಡಿಕೇರಿ ಮತ್ತು ವಿರಾಜಪೇಟೆ, 2008ಕ್ಕೆ ಮೊದ್ಲು ಸೋಮವಾರಪೇಟೆ ಸೇರಿ ಮೂರಿತ್ತು. ಎಂಪಿ ಅಂತೂ ಮೈಸೂರಿನ ಜೊತೆ ಹಂಚ್ಕೊಂಡಿದ್ದೀವಿ, ಅದಕ್ಕೂ ಮೊದ್ಲು ಮಂಗಳೂರಿನ ಜೊತೆ ಇದ್ವಿ. ಇದನ್ನ ಹೇಳುವಾಗ ನನಗೆ ನಮ್ಮ ತಾತ ಹೇಳ್ತಿದ್ದ ಮಾತು ನೆನಪಾಗುತ್ತೆ, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರೋಕೆ ಮೊದ್ಲು ಕೊಡಗೇ ಒಂದು ರಾಜ್ಯ, 1952ರ ಎಲೆಕ್ಷನ್ನಲ್ಲಿ ಆರಿಸಿ ಬಂದ 24 ಜನರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ ಎದುರಿಗೆ. ತಾತ ಹೇಳ್ತಿದ್ರು, ಆಗ ಎಂಎಲ್ಎ ಅಂದ್ರೆ ಸಂತೇಲಿ ಸಿಗ್ತಿದ್ರು, ನಿಲ್ಲಿಸಿ ಕೇಳ್ಬಹುದಿತ್ತು ಅಂತ. ಇಡೀ ರಾಜ್ಯಕ್ಕೆ 24 ಜನ, ಈಗ ಮಡಿಕೇರಿ ಊರೊಂದಕ್ಕೇ 23 ಮೆಂಬರ್ಸ್. ಶುಕ್ರವಾರದ ಸಂತೇಲಿ ನಿಲ್ಲಿಸಿ ಕೇಳ್ಬಹುದಾದ ಜನ ಅಂತ ನಮಗೆ ಉಳಿದಿರೋದು ಇವರು ಮಾತ್ರ.

ಮೀಸಲಾತಿ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಜಗಳ ಎಲ್ಲ ಶುರುವಾಗೋದು ಅಲ್ಲಿಂದ. ಸಂವಿಧಾನಕ್ಕೆ 74ನೇ ತಿದ್ದುಪಡಿ ಅಂತ 1992ರಲ್ಲಿ ಆಯ್ತು, 1993ರ ಜೂನ್ 1ರಿಂದ ಜಾರಿ. ಅದಕ್ಕೆ ಮೊದ್ಲು ಊರಿನ ಕೌನ್ಸಿಲ್ ಅನ್ನೋದು ರಾಜ್ಯ ಸರ್ಕಾರಕ್ಕೆ ಬೇಕಾದ್ರೆ ಇಟ್ಕೋ ಬೇಡದಿದ್ರೆ ತೆಗಿ ಅನ್ನೋ ಥರ ಇತ್ತು. ಆಮೇಲೆ ಐದು ವರ್ಷದ ಅವಧಿ, ಎಲೆಕ್ಷನ್ ಮಾಡ್ಸೋಕೆ ಪ್ರತ್ಯೇಕ ರಾಜ್ಯ ಚುನಾವಣಾ ಆಯೋಗ, ಎಸ್‌ಸಿ ಎಸ್‌ಟಿಯವರಿಗೆ ಊರಿನ ಜನಸಂಖ್ಯೆಗೆ ತಕ್ಕ ಹಾಗೆ ಸೀಟು, ಮೂರನೇ ಒಂದು ಭಾಗ ಹೆಂಗಸರಿಗೆ, ಇದೆಲ್ಲ ಸಂವಿಧಾನದಲ್ಲೇ ಬಂತು. ಕರ್ನಾಟಕದಲ್ಲಿ ಹೆಂಗಸರಿಗೆ ಅದನ್ನ ಅರ್ಧಕ್ಕೆ ಏರಿಸಿದ್ರು. ಹಿಂದುಳಿದ ವರ್ಗ (ಬಿಸಿಎಂ) ಎ ಮತ್ತು ಬಿ ಅಂತ ಇನ್ನೆರಡು ಪಟ್ಟಿ. ಪ್ರತೀ ಎಲೆಕ್ಷನ್ನಿಗೂ ಇದು ಒಂದು ವಾರ್ಡಿಂದ ಇನ್ನೊಂದು ವಾರ್ಡಿಗೆ ತಿರುಗುತ್ತೆ. ಈ ಸಲ ನಮ್ಮ ವಾರ್ಡು ಸಾಮಾನ್ಯ ಮಹಿಳೆ ಅಂತ ಬಂದ್ರೆ ಮುಂದಿನ ಸಲ ಬಿಸಿಎಂ ಎ ಬರಬಹುದು, ಎಸ್‌ಸಿ ಬರಬಹುದು. ಎಸ್‌ಸಿ ಎಸ್‌ಟಿ ಹಿಂದುಳಿದವರು ಎಲ್ಲ ಸೇರಿ ಅರ್ಧ ದಾಟಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಹೆಂಗಸರ ಅರ್ಧ ಆ ಲೆಕ್ಕಕ್ಕೆ ಸೇರಲ್ಲ, ಅದು ಎಲ್ಲ ಪಟ್ಟಿ ಒಳಗೂ ಅಡ್ಡ ಗೆರೆ ಎಳೆದ ಹಾಗೆ ಹೋಗುತ್ತೆ.

ಇದರಿಂದ ಒಳ್ಳೇದೂ ಆಗಿದೆ, ಒಂದು ತೊಂದ್ರೆನೂ ಉಂಟು. ತೊಂದ್ರೆ ಮೊದ್ಲು ಹೇಳ್ತೀನಿ, ಐದು ವರ್ಷ ಓಣಿ ಓಣಿ ಸುತ್ತಿ ಕೆಲಸ ಕಲಿತವರು ಮುಂದಿನ ಸಲ ಅದೇ ವಾರ್ಡಲ್ಲಿ ನಿಲ್ಲೋಕೆ ಆಗಲ್ಲ, ರೋಸ್ಟರ್, ಅಂದ್ರೆ ಮೀಸಲಾತಿ ಸರದಿ, ಬದಲಾಗಿರುತ್ತೆ. ಊರಿನ ಬೇರೆ ವಾರ್ಡಲ್ಲಿ ನಿಲ್ಬಹುದು, ಊರಿನ ಮತದಾರರ ಪಟ್ಟೀಲಿ ಹೆಸರಿದ್ದು 21 ವರ್ಷ ಆಗಿದ್ರೆ ಸಾಕು, ಆದ್ರೆ ಅಲ್ಲಿ ಪರಿಚಯ ಮತ್ತೆ ಸೊನ್ನೆಯಿಂದ. ಆದ್ರೂ ನಾನು ಈ ಮೀಸಲಾತಿ ಪರ, ಗಟ್ಟಿಯಾಗಿ ಹೇಳ್ತೀನಿ. ಹೆಂಗಸರು ಗೆದ್ರೆ ಗಂಡಂದಿರೇ ಫೋನ್ ಎತ್ತುತ್ತಾರೆ ಅಂತ ಎಲ್ಲರೂ ಹೇಳ್ತಾರೆ, ಹೌದು ನಾನೂ ನೋಡಿದ್ದೀನಿ, ಮೊದಲ ಆರು ತಿಂಗಳು ಹಾಗೇ ಇತ್ತು ನಮ್ಮ ಪಕ್ಕದ ವಾರ್ಡಲ್ಲಿ. ಆಮೇಲೆ ಒಂದು ದಿನ ನೀರಿನ ವಿಷಯಕ್ಕೆ ಓಣಿಯ ಹೆಂಗಸರೆಲ್ಲ ಕೊಡ ಹಿಡ್ಕೊಂಡು ಅವರ ಮನೆಗೇ ಹೋದ್ವಿ, ಗಂಡ ಹೊರಗೆ ಬಂದು ಮಾತಾಡೋಕೆ ಶುರು ಮಾಡಿದ್ರು, ಒಬ್ಬರು ಚಿಕ್ಕಮ್ಮ "ನೀವು ಒಳಗೆ ಹೋಗಿಯಪ್ಪ, ನಾವು ವೋಟು ಹಾಕಿದ್ದು ಅವಳಿಗೆ" ಅಂದ್ರು. ಅವತ್ತು ಹೊರಗೆ ಬಂದ ಆ ಹೆಣ್ಣುಮಗಳು ಆಮೇಲೆ ಯಾವತ್ತೂ ಹಿಂದೆ ನಿಲ್ಲಲಿಲ್ಲ. ಕೂಟುಹೊಳೆ ಪಂಪು, ಕುಂಡಾಮೇಸ್ತ್ರಿ ಲೈನು, ಯಾವ ವಾಲ್ವು ಯಾವ ದಿನ ಬಿಡ್ತಾರೆ, ಎಲ್ಲ ಬಾಯಲ್ಲಿ ಇತ್ತು ಅವರಿಗೆ. ಮೀಸಲಾತಿ ಇಲ್ಲದಿದ್ರೆ ಯಾವ ಪಕ್ಷ ಅವರಿಗೆ ಟಿಕೆಟ್ ಕೊಡ್ತಿತ್ತು?

ಈಗ ನಿಜವಾಗ್ಲೂ ನಂಗೆ ಸಂಕಟ ಆಗೋ ವಿಷಯ. ಖಾಲಿ ಕುರ್ಚಿ.

ಕುಶಾಲನಗರದಲ್ಲಿರೋ ನನ್ನ ಚಿಕ್ಕಮ್ಮ 2018ರ ಅಕ್ಟೋಬರ್ 28ಕ್ಕೆ ಪಟ್ಟಣ ಪಂಚಾಯಿತಿಗೆ ವೋಟು ಹಾಕಿದ್ರು. ರಾಜ್ಯದ ಬೇರೆ ಕಡೆ ಆಗಸ್ಟ್ ಕೊನೇಲೇ ಮುಗಿದಿತ್ತು, ಕೊಡಗಲ್ಲಿ ಪ್ರವಾಹ ಭೂಕುಸಿತ ಆಗಿತ್ತಲ್ಲ ಅದಕ್ಕೆ ಮುಂದಕ್ಕೆ ಹಾಕಿದ್ರು, ಅದು ಸರಿ, ಊರೇ ಕ್ಯಾಂಪಲ್ಲಿ ಇರುವಾಗ ಯಾರು ವೋಟು ಹಾಕ್ತಾರೆ. ಕುಶಾಲನಗರಕ್ಕೆ 16 ಜನ, ವಿರಾಜಪೇಟೆಗೆ 18, ಸೋಮವಾರಪೇಟೆಗೆ 11 ಗೆದ್ರು, ಹಾರ ಹಾಕ್ಕೊಂಡ್ರು, ಪಟಾಕಿ ಹೊಡೆದ್ರು. ಆಮೇಲೆ? ಅಧ್ಯಕ್ಷ ಉಪಾಧ್ಯಕ್ಷ ಸ್ಥಾನ ಯಾವ ಊರಲ್ಲಿ ಯಾರಿಗೆ ಮೀಸಲು ಅನ್ನೋ ಪಟ್ಟಿ ಕೋರ್ಟ್ ಮೆಟ್ಟಿಲು ಹತ್ತಿತು. ಇಡೀ ರಾಜ್ಯದ್ದೇ ಹತ್ತಿತು. ಅಧ್ಯಕ್ಷರಿಲ್ಲ ಅಂದ್ರೆ ಕೌನ್ಸಿಲ್ಲೇ ಇಲ್ಲ. ಹೆಚ್ಚು ಕಡಿಮೆ ಎರಡು ವರ್ಷ, 2020ರ ಕೊನೆ ಕೊನೆಗೆ ಅಧ್ಯಕ್ಷರ ಆಯ್ಕೆ ಆಗೋ ವರೆಗೆ ಗೆದ್ದವರು ಗೆದ್ದವರಾಗಿಯೇ ಮನೇಲಿದ್ರು, ಅಧಿಕಾರ ಆಡಳಿತಾಧಿಕಾರಿ ಕೈಲಿ. ಚಿಕ್ಕಮ್ಮನ ವಾರ್ಡಿನ ಮೆಂಬರ್ ಹತ್ರ 2019ರಲ್ಲಿ ಕಾವೇರಿ ನೀರು ಮತ್ತೆ ಬಡಾವಣೆಗೆ ನುಗ್ಗಿದಾಗ ಜನ ಹೋಗಿ ಕೇಳಿದ್ರೆ ಪಾಪ ಅವರು "ನಂಗೆ ಪ್ರಮಾಣ ವಚನನೇ ಆಗಿಲ್ಲ ಅಕ್ಕ, ಸಭೆನೇ ಇಲ್ಲ, ಎಲ್ಲಿ ಹೋಗಿ ಕೇಳ್ಲಿ" ಅಂದ್ರಂತೆ, ಆದ್ರೂ ಸ್ವಂತ ಜೀಪಲ್ಲಿ ಜನರನ್ನ ಸಾಗಿಸಿದ್ರು, ಅದು ಅವರ ಒಳ್ಳೇತನ. ಮೊದಲ ಎರಡೂವರೆ ವರ್ಷ ಮುಗಿದ ಮೇಲೆ ಎರಡನೇ ಅವಧಿಯ ಅಧ್ಯಕ್ಷರ ಮೀಸಲಾತಿ ಪಟ್ಟಿ ಬರೋದಕ್ಕೆ 2024ರ ಆಗಸ್ಟ್ ಆಯ್ತು, ಮತ್ತೆ ಒಂದು ವರ್ಷದ ಮೇಲೆ ಕುರ್ಚಿ ಖಾಲಿ.

ನಮ್ಮ ಮಡಿಕೇರಿದೂ ಬೇರೆ ಅಲ್ಲ. ವೋಟು ಹಾಕಿದ್ದು 2021ರ ಏಪ್ರಿಲ್ 27ಕ್ಕೆ. ಆ ದಿನ ನೆನಪಿರೋಕೆ ಕಾರಣ ಉಂಟು, ಕೊರೊನಾ ಎರಡನೇ ಅಲೆ, ಅವತ್ತೇ ರಾತ್ರಿಯಿಂದ ರಾಜ್ಯ ಎಲ್ಲ ಬಂದ್. ಮಾಸ್ಕ್ ಹಾಕ್ಕೊಂಡು ದೂರ ದೂರ ನಿಂತು ವೋಟು ಹಾಕಿ ಹಾಗೇ ಅಕ್ಕಿ ಬೇಳೆ ತಗೊಂಡು ಮನೆ ಸೇರಿದ್ವಿ. ಮೆಂಬರ್ ಯಾರು ಅಂತ ಆ ವಾರವೇ ಗೊತ್ತಾಯ್ತು, ಅಧ್ಯಕ್ಷರು ಯಾರು ಅಂತ ಗೊತ್ತಾಗೋಕೆ ಮತ್ತೆ ತಿಂಗಳುಗಟ್ಟಲೆ ಕಾದ್ವಿ.

ಅವಧಿ ಮುಗಿಯೋಕೆ ಮೊದ್ಲೇ ಎಲೆಕ್ಷನ್ ಮುಗಿಸಿರಬೇಕು ಅಂತ ಸಂವಿಧಾನದಲ್ಲಿ ಬರೆದಿದೆ. 2006ರಲ್ಲಿ ಅಹಮದಾಬಾದ್ ಪಾಲಿಕೆ ಕೇಸಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಆದ್ರೂ ಬೆಂಗಳೂರಂಥ ಬೆಂಗಳೂರಿನ ಬಿಬಿಎಂಪಿಗೆ 2015ರಲ್ಲಿ ಎಲೆಕ್ಷನ್ ಆಗಿದ್ದು, 2020ರ ಸೆಪ್ಟೆಂಬರಲ್ಲಿ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಅಲ್ಲಿ ಕಾರ್ಪೊರೇಟರ್ ಅನ್ನೋರೇ ಇರ್ಲಿಲ್ಲ. ಎಂಎಲ್ಎ ಎಲೆಕ್ಷನ್ ಒಂದು ವರ್ಷ ತಡ ಆದ್ರೆ ದೇಶ ಎಲ್ಲ ಗಲಾಟೆ ಆಗುತ್ತೆ ತಾನೇ? ವಾರ್ಡಿಂದು ಮೂರು ವರ್ಷ ತಡ ಆದ್ರೂ ಯಾರೂ ಕೇಳಲ್ಲ, ಪೇಪರಲ್ಲಿ ಒಳಗಿನ ಪುಟದಲ್ಲಿ ಎರಡು ಕಾಲಂ ಬರುತ್ತೆ. ಇದು ನಂಗೆ ತುಂಬ ಬೇಜಾರು. ಆಡಳಿತಾಧಿಕಾರಿ ಅಂದ್ರೆ ಡಿಸಿನೋ ಎಸಿನೋ ತಹಶೀಲ್ದಾರರೋ ಇರ್ತಾರೆ, ಅವರು ಕೆಲಸ ಮಾಡಲ್ಲ ಅಂತ ನಾನು ಹೇಳ್ತಿಲ್ಲ, ಮಾಡ್ತಾರೆ, ಎಷ್ಟೋ ಸಲ ಬೇಗನೂ ಮಾಡ್ತಾರೆ. ಆದ್ರೆ ಅವರಿಗೆ ಇಡೀ ಜಿಲ್ಲೆ ಇಲ್ಲಾ ಇಡೀ ತಾಲ್ಲೂಕು ಇದೆ, ಮೇಲಿನ ಓಣಿಯ ಅಜ್ಜಿ ಯಾವ ರೂಮಲ್ಲಿ ಮಲಗ್ತಾರೆ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು. ಟ್ರಾನ್ಸ್‌ಫರ್ ಆಗಿ ಹೋಗೋವಾಗ ಅವರನ್ನ ಯಾರು ಏನು ಕೇಳೋ ಹಾಗಿದೆ.

ಕೌನ್ಸಿಲ್ ಇದ್ದಾಗ ಒಳಗೆ ಹೇಗೆ ನಡಿಯುತ್ತೆ ಅಂದ್ರೆ, ತಿಂಗಳಿಗೊಂದು ಸಾಮಾನ್ಯ ಸಭೆ ಅಂತ ಲೆಕ್ಕ, ಅಜೆಂಡಾ ಮೊದಲೇ ಮೆಂಬರಿಗೆ ಬರುತ್ತೆ, ಅಧ್ಯಕ್ಷರು ಸಭೆ ನಡೆಸ್ತಾರೆ, ನಿರ್ಣಯ ಆಗುತ್ತೆ, ನಡಾವಳಿ ಪುಸ್ತಕದಲ್ಲಿ ಬರೀತಾರೆ. ಆ ನಡಾವಳಿ ಕಾಪಿ ಆರ್‌ಟಿಐ ಹಾಕಿ ಯಾರು ಬೇಕಾದ್ರೂ ತಗೋಬಹುದು, ನಾನು ಒಂದ್ಸಲ ತಗೊಂಡು ಓದಿದ್ದೀನಿ, ನಮ್ಮ ಮೆಂಬರ್ ಎಷ್ಟು ಸಲ ಬಾಯಿ ಬಿಟ್ಟಿದ್ದಾರೆ ಅಂತ ಅದರಲ್ಲಿ ಗೊತ್ತಾಗುತ್ತೆ. ಸ್ಥಾಯಿ ಸಮಿತಿ ಅಂತ ಒಂದು ಬೇರೆ. ನಿರ್ಣಯ ಆದ್ಮೇಲೆ ಅದನ್ನ ಜಾರಿ ಮಾಡೋದು ಆಫೀಸರ್ಸು, ನಗರಸಭೆಗೆ ಪೌರಾಯುಕ್ತರು, ನಾವು ಕಮಿಷನರ್ ಅಂತೀವಿ, ಪುರಸಭೆಗೆ ಪಟ್ಟಣ ಪಂಚಾಯಿತಿಗೆ ಮುಖ್ಯಾಧಿಕಾರಿ. ಚೆಕ್ಕಿಗೆ ಸೈನು, ಟೆಂಡರು, ಪೌರಕಾರ್ಮಿಕರ ಹಾಜರಿ, ಖಾತೆ, ಟ್ರೇಡ್ ಲೈಸೆನ್ಸ್, ಇದೆಲ್ಲ ಆ ಕಡೆ. ಆಫೀಸರ್ಸು ಸರ್ಕಾರ ಕಳಿಸೋರು, ಮೆಂಬರ್ಸ್ ನಾವು ಕಳಿಸೋರು, ಇಬ್ಬರಿಗೂ ಹೊಂದಿದ್ರೆ ಊರು ನಡಿಯುತ್ತೆ. ಇನ್ನು ಸರ್ಕಾರ ನಾಮಿನೇಟ್ ಮಾಡೋ ಮೆಂಬರ್ಸ್ ಇದ್ದಾರೆ, ನಗರಸಭೆಗೆ ಐದು ಜನದ ವರೆಗೆ, ಆಡಳಿತದಲ್ಲಿ ಅನುಭವ ಇರೋರು ಅಂತ ಕಾಯ್ದೆಲಿ ಬರೆದಿರೋದು, ಕೂತು ಮಾತಾಡಬಹುದು, ಕೈ ಎತ್ತೋ ಹಾಗಿಲ್ಲ.

ಎಲ್ಲದಕ್ಕೂ ಮೆಂಬರನ್ನೇ ಬೈಯೋದೂ ತಪ್ಪು. ಕರೆಂಟ್ ಹೋದ್ರೆ ವಿದ್ಯುತ್ ಕಂಪೆನಿ ಸೆಸ್ಕ್, ಬೀದಿ ದೀಪ ಉರೀದಿದ್ರೆ ನಗರಸಭೆ. ಊರ ಮಧ್ಯೆ ಹೋಗೋ ಮೈಸೂರು ರೋಡು ನ್ಯಾಷನಲ್ ಹೈವೇ 275, ಅದರ ಗುಂಡಿ ಮುಚ್ಚೋದು ಹೈವೇಯವರು, ಓಣಿ ಒಳಗಿನ ಗುಂಡಿ ನಗರಸಭೆ. ಹೊಸ ಲೇಔಟಿಗೆ ಅಪ್ರೂವಲ್ ಮುಡಾ (ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರ), ಆಮೇಲೆ ಅಲ್ಲಿ ಮನೆ ಕಟ್ಟೋಕೆ ಲೈಸೆನ್ಸು, ಕಂದಾಯ, ಕಸ ಎಲ್ಲ ನಗರಸಭೆ. ಬರೆ ಕಡಿದು ಹೋಂಸ್ಟೇ ಕಟ್ಟೋವಾಗ ಯಾರು ಪರ್ಮಿಷನ್ ಕೊಟ್ರು ಅಂತ ಜನ ಒಬ್ಬರ ಮೇಲೆ ಒಬ್ಬರು ಹಾಕೋದು ಇದರಿಂದ್ಲೇ. ಸಂವಿಧಾನದ 12ನೇ ಅನುಸೂಚೀಲಿ ಊರಿನ ಸಂಸ್ಥೆಗಳಿಗೆ ಕೊಡಬಹುದಾದ ಕೆಲಸ ಅಂತ 18 ವಿಷಯ ಪಟ್ಟಿ ಮಾಡಿದ್ದಾರೆ, ಕುಡಿಯೋ ನೀರು, ರಸ್ತೆ, ಕಸ, ಸ್ಮಶಾನ, ಜನನ ಮರಣ ನೋಂದಣಿ, ಕಸಾಯಿಖಾನೆ, ಪಾರ್ಕು ಹೀಗೆ. ನಗರ ಯೋಜನೆ ಕೂಡ ಆ ಪಟ್ಟೀಲಿ ಮೊದಲನೇದು. ನನ್ನ ಕೇಳಿದ್ರೆ ಗುಡ್ಡದ ಊರಲ್ಲಿ ಎಲ್ಲಿ ಕಟ್ಬೇಕು ಎಲ್ಲಿ ಕಟ್ಬಾರದು ಅನ್ನೋ ಮಾತು ನಡೀಬೇಕಾದ್ದು ಆ ಗುಡ್ಡದಲ್ಲಿ ಮಲಗೋರು ಆರಿಸಿದ ಕೌನ್ಸಿಲ್ಲಲ್ಲಿ.

ನಮ್ಮ ಚಿಕ್ಕಪ್ಪ ಇರೋದು ಹಳ್ಳೀಲಿ, ತೋಟದಲ್ಲಿ. ಅವರ ಗ್ರಾಮ ಪಂಚಾಯಿತಿ ಎಲೆಕ್ಷನ್ ಪೂರ್ತಿ ಬೇರೆ, ಪಕ್ಷದ ಚಿಹ್ನೆ ಇಲ್ಲ, ಒಂದೇ ವಾರ್ಡಿಂದ ಎರಡು ಮೂರು ಜನನೂ ಗೆಲ್ತಾರೆ, ಹಾಗಾಗಿ ಒಬ್ಬರಿಗೆ ಎರಡು ಮೂರು ವೋಟು. ಅವರಿಗೆ ಗ್ರಾಮಸಭೆ ಅಂತ ಉಂಟು, ಎದ್ದು ನಿಂತು ಕೇಳ್ಬಹುದು, ಕಾಡಾನೆ ವಿಷಯಕ್ಕೆ ಚಿಕ್ಕಪ್ಪ ಕೇಳಿದ್ದೂ ಉಂಟು. ಪೇಟೆಯವರಿಗೆ ಆ ಭಾಗ್ಯ ಇಲ್ಲ. ವಾರ್ಡ್ ಸಮಿತಿ ಕಡ್ಡಾಯ ಅಂತ ಸಂವಿಧಾನದಲ್ಲಿ ಇರೋದು 3 ಲಕ್ಷ ಜನ ಮತ್ತು ಅದಕ್ಕಿಂತ ಮೇಲೆ ಇರೋ ಊರಿಗೆ. ಇಡೀ ಕೊಡಗಲ್ಲೇ ಐದೂವರೆ ಲಕ್ಷ ಜನ, ನಮ್ಮ ಯಾವ ಪೇಟೆ ಅಲ್ಲಿಗೆ ಮುಟ್ಟುತ್ತೆ ಹೇಳಿ. ನಾಲ್ಕು ಸಾವಿರ ಜನ ಇರೋ ಹಳ್ಳಿಯವರು ವರ್ಷಕ್ಕೆ ಎರಡು ಸಲ ಕೂತು ಲೆಕ್ಕ ಕೇಳ್ತಾರೆ, ಮೂವತ್ತು ಸಾವಿರ ಜನ ಇರೋ ಪೇಟೆಯವರು ಮೆಂಬರ್ ಮನೆ ಗೇಟ್ ಹತ್ರ ನಿಂತು ಕೇಳ್ಬೇಕು.

ಅದಕ್ಕೇ ನಮ್ಮ ಓಣಿಯವರು ಸೇರಿ ಒಂದು ಕೆಲಸ ಮಾಡಿದ್ವಿ. ಟಾರ್ಪಾಲ್ ಬಿದ್ದ ವಾರವೇ ಅಜ್ಜಿ ಮನೆ ಜಗಲೀಲಿ ಹದಿನಾಲ್ಕು ಮನೆಯವರು ಕೂತು ಮೆಂಬರನ್ನ ಕರೆದ್ವಿ, ಬಂದ್ರು, ಕರಿ ಕಾಫಿ ಕುಡಿದ್ರು, ಎಲ್ಲೆಲ್ಲಿ ಬರೆ ಬಿರುಕು ಬಿಟ್ಟಿದೆ, ಎಲ್ಲಿ ಮೇಲಿನ ನೀರು ಕೆಳಗಿನ ಮನೆಗೆ ಹೋಗುತ್ತೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡ್ರು. ಅಜ್ಜಿ ಮಗ ಬೆಂಗಳೂರಿಂದ ವಿಡಿಯೋ ಕಾಲಲ್ಲಿ ಇದ್ರು. ಹೋಗೋವಾಗ ಅಜ್ಜಿ ಮೆಂಬರ್ ನಂಬರನ್ನ ಕ್ಯಾಲೆಂಡರ್ ಮೇಲೆ ದಪ್ಪಗೆ ಬರೆಸ್ಕೊಂಡ್ರು.

ಮಗಳಿಗೆ ಈ ವರ್ಷ 18 ಆಯ್ತು. ವೋಟರ್ ಲಿಸ್ಟಿಗೆ ಹೆಸರು ಸೇರಿಸೋ ಫಾರಂ 6 ತುಂಬಿ ಹಾಕಿದ್ದೀವಿ. ಮುನ್ಸಿಪಾಲ್ಟಿ ಎಲೆಕ್ಷನ್ನಿಗೆ ಬೇರೆ ಪಟ್ಟಿ ಮಾಡಲ್ಲ, ಎಂಎಲ್ಎ ಎಲೆಕ್ಷನ್ ಪಟ್ಟಿನೇ ವಾರ್ಡ್ ಪ್ರಕಾರ ತುಂಡು ಮಾಡ್ತಾರೆ, ತುಂಡು ಮಾಡೋವಾಗ ಗಡಿ ಓಣಿಯ ಮಧ್ಯದಲ್ಲೇ ಹೋಗಬಹುದು, ಹಿಂದೆ ಒಂದ್ಸಲ ನಾನು ಒಂದು ವಾರ್ಡು, ಎದುರು ಮನೆಯವರು ಇನ್ನೊಂದು ವಾರ್ಡು ಆಗಿದ್ವಿ. ಕರಡು ಪಟ್ಟಿ ಹಾಕಿದಾಗ ಹೋಗಿ ನೋಡ್ಬೇಕು, ಆಕ್ಷೇಪಣೆ ಕೊಡೋಕೆ ಕೆಲವೇ ದಿನ ಇರುತ್ತೆ. "ಅಮ್ಮಾ ನಾನೇ ಹೋಗಿ ನೋಡ್ತೀನಿ, ಅಜ್ಜಿದೂ ಸೇರಿಸಿ ನೋಡ್ತೀನಿ" ಅಂದಿದ್ದಾಳೆ.